ಕರುವಿನ ಬ್ರೇಕು

ಒಗಲಾಲಾ, ನೆಬ್ರಾಸ್ಕಾ
ಅಕ್ಟೋಬರ್ 3

ಪ್ರೀತಿಯ ಬರ್ನಿಸ್ ಅಕ್ಕ,

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಆಗಸ್ಟ್ ತಿಂಗಳ ಕಾಗದ ನಮ್ಮ ಹಿಂದೆ ನಾಲ್ಕು ಊರು ಅಲೆದು ಮೊನ್ನೆ ಕೈಗೆ ಸಿಕ್ಕಿತು. ತಡವಾದದ್ದರಲ್ಲಿ ಅರ್ಧ ಅಂಚೆಯವರ ತಪ್ಪು, ಅರ್ಧ ನನ್ನ ಸೋಮಾರಿತನ. ಫೋನ್ ಮಾಡೋಣವೆಂದರೆ ನಿನ್ನ ಕಿವಿಯ ಯಂತ್ರಕ್ಕೂ ಫೋನಿಗೂ ಆಗಿಬರುವುದಿಲ್ಲ. ಹೋದ ಸಲ ನಾನು "ಹೇಗಿದ್ದೀ" ಎಂದು ಕೂಗಿದ್ದಕ್ಕೆ ಪಕ್ಕದ ಗಾಡಿಯವರು ಬಾಗಿಲು ತಟ್ಟಿ "ನಾವು ಚೆನ್ನಾಗಿದ್ದೀವಿ" ಎಂದು ಹೇಳಿಹೋದರು.

ನಾನು ಚೆನ್ನಾಗಿದ್ದೇನೆ, ವರ್ಲಿನ್ ಚೆನ್ನಾಗಿದ್ದಾನೆ, ಮನೆಬಸ್ಸು ಚೆನ್ನಾಗಿದೆ. ಕರುವಿನದೇ ಸ್ವಲ್ಪ ರಗಳೆ. ಕರು ಯಾವುದೆಂದು ನಿನಗೆ ಗೊತ್ತು, ನಮ್ಮ ಪುಟ್ಟ ನೀಲಿ ಕಾರು. ಮನೆಬಸ್ಸಿನ ಹಿಂದೆ ಕಬ್ಬಿಣದ ಸರಳಿಗೆ ಕಟ್ಟಿ ಊರೂರಿಗೆ ಎಳೆದುಕೊಂಡು ಹೋಗುತ್ತೇವಲ್ಲ, ಅದು. ಹಸು ಮುಂದೆ ಕರು ಹಿಂದೆ ಎಂದು ವರ್ಲಿನ್ ಆ ಹೆಸರಿಟ್ಟ. ಇಳಿಜಾರಿನಲ್ಲಿ ಮಾತ್ರ ಅದು ಕರುವಿನ ಹಾಗೆ ನಡೆದುಕೊಳ್ಳುವುದಿಲ್ಲ. ಒಂದೂವರೆ ಟನ್ ಭಾರದ ಹೋರಿಯಾಗಿ ಹಿಂದಿನಿಂದ ಗುಮ್ಮುತ್ತದೆ.

ಮನೆಬಸ್ಸುಗಳು ತಂಗುವ ಈ ಕ್ಯಾಂಪುಗಳಲ್ಲಿ ಗಂಡಸರಿಗೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಕೆಲಸವಿರುತ್ತದೆ. ಕಾಫಿಯ ಮಗ್ ಹಿಡಿದುಕೊಂಡು ಸಾಲಾಗಿ ನಿಂತ ಗಾಡಿಗಳ ಬೆನ್ನು ನೋಡುತ್ತಾ ಹೋಗುವುದು. ಯಾರ ಸರಳು ಸೊಟ್ಟಗಿದೆ, ಯಾರ ಕೊಕ್ಕೆ ತುಕ್ಕು ಹಿಡಿದಿದೆ ಎಂದು ಕೇಳದೆಯೇ ತೀರ್ಪು ಕೊಡುವುದು. ಜುಲೈಯಲ್ಲಿ ಅಂಥವನೊಬ್ಬ ನಮ್ಮ ಕರುವಿನ ಹತ್ತಿರ ನಿಂತು ಕಾಫಿ ಹೀರಿ, "ಯಜಮಾನ್ರೆ, ಹಿಂದಿನ ಕಾರಿಗೆ ಬ್ರೇಕೇ ಹಾಕ್ಸಿಲ್ವಲ್ಲ? ಹಾಗಾದ್ರೆ ನಿಮ್ಮ ಮುಂದೆ ಹೋಗೋರಿಗೆ ಈಗ್ಲೇ ಒಂದು ಕ್ಷಮಾಪಣೆ ಬರೆದಿಟ್ಬಿಡಿ" ಎಂದ. ವರ್ಲಿನ್ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ, ಒಂದು ಮಗುವಿನ ಮೂಗೂ ಮುಂದಿನ ಸೀಟಿಗೆ ತಗುಲದ ಹಾಗೆ ನಿಲ್ಲಿಸಿದವನು ಅವನು. ಅವನ ಬ್ರೇಕಿನ ಬಗ್ಗೆ ಮಾತಾಡುವುದೂ ಒಂದೇ, ಅವನ ತಾಯಿಯ ಬಗ್ಗೆ ಮಾತಾಡುವುದೂ ಒಂದೇ.

ಹಾಗಾಗಿ ಈಗ ಕರುವಿನ ಡ್ರೈವರ್ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ಒಂದು ಯಂತ್ರ ಕೂತಿದೆ. ಅದಕ್ಕೊಂದು ಕಬ್ಬಿಣದ ತೋಳು. ಇಲ್ಲಿ ವರ್ಲಿನ್ ಬಸ್ಸಿನ ಬ್ರೇಕು ಮುಟ್ಟಿದರೆ ಸಾಕು, ಅಲ್ಲಿ ಆ ತೋಳು ಕರುವಿನ ಬ್ರೇಕು ಒತ್ತುತ್ತದೆ. ಇವನು ಕಾಲು ತೆಗೆದರೆ ಅದೂ ಬಿಡುತ್ತದೆ. ಅಷ್ಟು ಹಿಂದೆ ಅದು ಒತ್ತಿತೋ ಬಿಟ್ಟಿತೋ ಎಂದು ಮುಂದೆ ಕೂತವರಿಗೆ ತಿಳಿಯಬೇಕಲ್ಲ, ಅದಕ್ಕೆ ನಮ್ಮ ಕಣ್ಣೆದುರು ಸೋಪಿನ ಪೆಟ್ಟಿಗೆಯಷ್ಟಿರುವ ಒಂದು ಡಬ್ಬಿ. ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಬಿಟ್ಟರೆ ಆರುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಉರಿದರೆ ಕೀಂ ಕೀಂ ಎಂದು ಅರಚುತ್ತದೆ. ಬ್ರೇಕು ಒತ್ತಿಕೊಂಡೇ ಓಡಿದರೆ ಕರುವಿನ ಗಾಲಿ ಕಾದು ಬೆಂಕಿ ಹತ್ತಿಕೊಳ್ಳುತ್ತದಂತೆ.

ಆ ಡಬ್ಬಿ ಕಾಯುವ ಉದ್ಯೋಗ ನನ್ನದು. "ನನ್ನ ಕಣ್ಣು ರಸ್ತೆ ಮೇಲೆ, ನಿನ್ನ ಕಣ್ಣು ಡಬ್ಬಿ ಮೇಲೆ. ಬಾಯಿಬಿಟ್ಟು ಹೇಳ್ಬೇಕು ಆರ್ಲಿಸ್, ಮನಸ್ಸಲ್ಲೇ ಅಂದ್ಕೊಂಡ್ರೆ ನಂಗೆ ಕೇಳ್ಸಲ್ಲ" ಎಂದು ವರ್ಲಿನ್ ಕಟ್ಟಪ್ಪಣೆ ಮಾಡಿದ್ದಾನೆ. ದೀಪ ಹತ್ತಿದರೆ ನಾನು "ಬಂತು" ಅನ್ನಬೇಕು. ಆರಿದರೆ "ಹೋಯ್ತು" ಅನ್ನಬೇಕು. ಸೌತ್ ಡಕೋಟಾದಿಂದ ಇಲ್ಲಿಯವರೆಗೆ ನಾನು ಆಡಿದ್ದು ಈ ಎರಡೇ ಮಾತು. ಜಗಳವಾಡಿದ ದಿನ "ಬಂತು" ಅಂದು ಸುಮ್ಮನಾಗುತ್ತೇನೆ, "ಹೋಯ್ತು" ಅನ್ನುವುದಿಲ್ಲ. ಅವನು ಒಂದು ಮೈಲಿ ಒದ್ದಾಡಿ ಕೊನೆಗೆ "ತಪ್ಪಾಯ್ತು ಮಾರಾಯ್ತಿ, ಹೋಯ್ತಾ ಇಲ್ವಾ ಹೇಳು" ಅನ್ನುತ್ತಾನೆ. ಮದುವೆಯಾಗಿ ನಲವತ್ತಾರು ವರ್ಷದಲ್ಲಿ ಇಂಥ ಅನುಕೂಲ ನನಗೆ ಸಿಕ್ಕಿರಲಿಲ್ಲ. ಆದರೆ ಅಭ್ಯಾಸ ನಾಲಿಗೆಗೆ ಅಂಟಿಬಿಟ್ಟಿದೆ. ಕೀರ್ನಿಯ ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಮೇಣದಬತ್ತಿ ಆರಿಸಿದಾಗ ನಾನು ಎಲ್ಲರಿಗೂ ಕೇಳುವ ಹಾಗೆ "ಹೋಯ್ತು" ಅಂದೆ. ಪಾದ್ರಿಗಳು "ಆಮೆನ್" ಅಂದರು, ಒಳ್ಳೆಯವರು.

ಈಗ ರಗಳೆ ಏನೆಂದರೆ, ನಿನ್ನೆಯಿಂದ ಡಬ್ಬಿಗೆ ತಲೆ ಕೆಟ್ಟಿದೆ. ರಸ್ತೆ ತಟ್ಟೆಯ ಹಾಗೆ ಸಪಾಟು, ಮುಂದೆ ಒಂದು ನಾಯಿಯೂ ಇಲ್ಲ, ವರ್ಲಿನ್ ಬ್ರೇಕು ಹಾಕಿಯೇ ಇಲ್ಲ, ಆದರೂ ದೀಪ ಹತ್ತಿಕೊಳ್ಳುತ್ತದೆ. "ಬಂತು" ಅಂದೆ. "ಏನು ಬಂತು? ನಾನೇನೂ ಮಾಡಿಲ್ಲ" ಅಂದ. ಕೀಂ ಕೀಂ ಶುರುವಾಯಿತು. ಅವನು ಒಂದು ಸಲ ಬ್ರೇಕು ಜೋರಾಗಿ ಒತ್ತಿ ಕಾಲು ತೆಗೆದ, ಆರಿತು. "ನೋಡ್ದ್ಯಾ, ಡಬ್ಬಿ ಸರಿಯಿಲ್ಲ. ಅಗ್ಗದ ಮಾಲು" ಅಂದ. ಇರಬಹುದು. ನಾಳೆ ಬ್ಯಾಟರಿ ಬದಲಾಯಿಸುತ್ತಾನಂತೆ.

ಎರಡು ವರ್ಷದ ಹಿಂದೆ ಮನೆ ಮಾರಿದ ದಿನ ನೀನು ಅಂಗಳದಲ್ಲಿ ನಿಂತು ಅಂದದ್ದು ನಾನು ಮರೆತಿಲ್ಲ. "ವರ್ಲಿನ್ ಕೈಲಿ ಓಡ್ಸೋಕಾಗ್ದಿರೋ ದಿನ ನೀವು ಎಲ್ಲಿ ನಿಂತಿರ್ತೀರೋ ಅದೇ ನಿಮ್ಮೂರು. ಆಮೇಲೆ ನನ್ನ ಹಿಂದಿನ ಕೋಣೆಗೇ ಬರ್ತೀಯ, ನೋಡ್ತಿರು" ಅಂದಿದ್ದೆ. ನಮಗೆ ಈ ಬಸ್ಸು ಬಿಟ್ಟರೆ ಬೇರೆ ಸೂರಿಲ್ಲ ಎಂಬುದು ನಿಜವೇ. ಆದರೆ ಹಿಂದಿನ ಕೋಣೆಯಲ್ಲಿ ನಿನ್ನ ಹೊಲಿಗೆ ಯಂತ್ರ ಇಟ್ಟುಕೊ ಅಕ್ಕ. ನನ್ನ ಡ್ರೈವರು ಗಟ್ಟಿಯಾಗಿದ್ದಾನೆ.

ದೇವರು ನಿನ್ನ ಮೊಣಕಾಲನ್ನೂ ನಾಲಿಗೆಯನ್ನೂ ಕಾಪಾಡಲಿ, ಎರಡನ್ನೂ ಒಂದೇ ಅಳತೆಯಲ್ಲಿ.

ನಿನ್ನ ತಂಗಿ,
ಆರ್ಲಿಸ್

ತಾ.ಕ.: ಸೌತೆಕಾಯಿ ಉಪ್ಪಿನಕಾಯಿಯ ಕೊನೆಯ ಜಾಡಿ ನಿನ್ನೆ ಖಾಲಿಯಾಯಿತು. ಇದು ಬರೀ ಸುದ್ದಿ, ಬೇಡಿಕೆಯಲ್ಲ.


ರಟೋನ್, ನ್ಯೂ ಮೆಕ್ಸಿಕೋ
ಅಕ್ಟೋಬರ್ 17

ಪ್ರೀತಿಯ ಅಕ್ಕ,

ಈ ಸಲ ತಡಮಾಡದೆ ಬರೆಯುತ್ತಿದ್ದೇನೆ, ಯಾಕೆಂದರೆ ನಾವು ಎಲ್ಲಿಗೂ ಹೋಗುವ ಹಾಗಿಲ್ಲ. ಗಾಬರಿಯಾಗಬೇಡ, ಇಬ್ಬರ ಮೈಮೇಲೂ ಒಂದು ಗೀರಿಲ್ಲ. ಕರುವಿನ ಗಾಲಿಯಷ್ಟೇ ಸುಟ್ಟಿದೆ.

ಕ್ರಮವಾಗಿ ಹೇಳುತ್ತೇನೆ. ಬ್ಯಾಟರಿ ಬದಲಾಯಿಸಿದ, ಡಬ್ಬಿ ಕೂಗಿತು. ತಂತಿ ಬದಲಾಯಿಸಿದ, ಕೂಗಿತು. ಕಂಪನಿಗೆ ಬರೆದು ಹೊಸ ಡಬ್ಬಿಯನ್ನೇ ಪ್ವೆಬ್ಲೋದ ಕ್ಯಾಂಪಿಗೆ ತರಿಸಿಕೊಂಡ. ಹೊಸದು ಹಳೆಯದಕ್ಕಿಂತ ಇಂಪಾಗಿ ಕೂಗಿತು. ಅಷ್ಟು ಹೊತ್ತಿಗೆ ಕ್ಯಾಂಪಿನ ಕಾಫಿ ಮಗ್ಗಿನ ಗಂಡಸರಿಗೆ ವಾಸನೆ ಬಡಿದಿತ್ತು. ನಾಲ್ಕು ಜನ ಸೇರಿದರು. ಕರುವಿನ ನಾಲ್ಕು ಬಾಗಿಲಿನಿಂದ ನಾಲ್ಕು ತಲೆ ಒಳಗೆ, ನಾಲ್ಕು ಪೃಷ್ಠ ಹೊರಗೆ. ಒಬ್ಬ ಯಂತ್ರದ ತೋಳು ಉದ್ದವಾಯಿತು ಅಂದ, ಇನ್ನೊಬ್ಬ ಗಿಡ್ಡವಾಯಿತು ಅಂದ. ಮೂರನೆಯವನು ಇದೆಲ್ಲ ಎತ್ತರದ ಜಾಗದ ತೆಳು ಗಾಳಿಯ ದೋಷ ಅಂದ. ನಾಲ್ಕನೆಯವನು ನಾನು ಮಾಡಿದ ಆಪಲ್ ಪೈ ಮೂರು ತುಂಡು ತಿಂದು ಹೋದ.

ಬಿಚ್ಚಿ ಜೋಡಿಸುವಾಗ ಕಡಲೆಕಾಳಿನಷ್ಟು ದೊಡ್ಡ ಒಂದು ನಟ್ಟು ಕಳೆದುಹೋಯಿತು. ಎರಡು ದಿನ ಹುಡುಕಿದರು. ಸೀಟು ಎತ್ತಿದರು, ಹುಲ್ಲು ಬಾಚಿದರು, ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿದರು. ಪೈ ತಿಂದವನ ಮೇಲೆ ವರ್ಲಿನ್‌ಗೆ ಇವತ್ತಿಗೂ ಗುಮಾನಿ. ಕೊನೆಗೆ ನನ್ನ ಹಿಟ್ಟು ಕಲಸುವ ಮಿಕ್ಸರಿನ ನಟ್ಟು ಬಿಚ್ಚಿ ಅಲ್ಲಿ ಹಾಕಿದರು. ಈಗ ಮಿಕ್ಸರು ಕುಣಿಯುತ್ತದೆ.

ಆಮೇಲೆ ವರ್ಲಿನ್ ಕಂಪನಿಗೆ ಫೋನ್ ಮಾಡಿದ. ಅಲ್ಲಿ ಒಬ್ಬಳು ಚಿಕ್ಕ ವಯಸ್ಸಿನವಳು ಬಹಳ ಮರ್ಯಾದೆಯಿಂದ ಎಲ್ಲ ಕೇಳಿಕೊಂಡು, "ಸರ್, ತಪ್ಪು ತಿಳ್ಕೋಬೇಡಿ, ಓಡಿಸ್ವಾಗ ನಿಮ್ಮ ಕಾಲು ಬ್ರೇಕಿನ ಮೇಲೇನಾದ್ರೂ ಕೂತಿರುತ್ತಾ?" ಎಂದಳು. ಅಕ್ಕ, ವರ್ಲಿನ್ ಕಿವಿ ಬೀಟ್ರೂಟ್ ಬಣ್ಣಕ್ಕೆ ತಿರುಗಿತು. "ತಾಯಿ, ನೀನು ಹುಟ್ಟೋಕೆ ಮುಂಚೆ ನಾನು ಹಿಮದ ಮೇಲೆ ಐವತ್ತು ಮಕ್ಕಳನ್ನ ಕೂರಿಸ್ಕೊಂಡು ಓಡಿಸ್ತಿದ್ದೆ. ನನ್ನ ಕಾಲು ಎಲ್ಲಿರುತ್ತೆ ಅಂತ ನನಗೆ ಗೊತ್ತು" ಎಂದು ಇಟ್ಟುಬಿಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಕಾಲಂತೆ!" ಅಂದ. ನಾನು ಪಾತ್ರೆ ತೊಳೆಯುತ್ತಿದ್ದೆ.

ಸರಿ, ಮೊನ್ನೆ ರಟೋನ್ ಘಾಟಿ ಇಳಿದೆವು. ಹತ್ತುವಾಗಲೇ ಡಬ್ಬಿ ತಕರಾರು ಶುರು ಮಾಡಿತ್ತು. ಅಷ್ಟು ಸುಳ್ಳು ಹೇಳುವ ಡಬ್ಬಿಯ ಮಾತು ಕೇಳುವುದರಲ್ಲಿ ಅರ್ಥವಿಲ್ಲವೆಂದು ದೀಪಕ್ಕೂ ಕೂಗುವ ತೂತಿಗೂ ಟೇಪು ಹಚ್ಚಿ ಆಗಿತ್ತು. ತೆಪ್ಪಗಾಯಿತು. ವರ್ಲಿನ್ ಎಷ್ಟೋ ದಿನದ ಮೇಲೆ ಸಿಳ್ಳೆ ಹಾಕಿದ. ಇಳಿಜಾರಿನ ಅರ್ಧದಲ್ಲಿ ಒಂದು ಲಾರಿ ಪಕ್ಕಕ್ಕೆ ಬಂದು ಹಾರ್ನು ಹೊಡೆಯಿತು. ವರ್ಲಿನ್ ಕೈಬೀಸಿದ. ಲಾರಿಯವನು ಮತ್ತೆ ಹೊಡೆದ, ಹಿಂದಕ್ಕೆ ಬೊಟ್ಟು ಮಾಡಿದ. ವರ್ಲಿನ್ "ಇಲ್ಲಿನ ಜನ ಎಷ್ಟು ಸ್ನೇಹಜೀವಿಗಳು" ಎಂದು ಮತ್ತೆ ಕೈಬೀಸಿದ. ಆಗ ನಾನು ಕನ್ನಡಿಯಲ್ಲಿ ನೋಡಿದೆ. ಕರು ಕಾಣಿಸಲಿಲ್ಲ, ಬರೀ ಹೊಗೆ ಕಾಣಿಸಿತು.

ಪಕ್ಕಕ್ಕೆ ನಿಲ್ಲಿಸಿದೆವು. ನಾನು ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹಿಡಿದು ಓಡಿದೆ. ಅದರ ಪಿನ್ನು ಬರಲಿಲ್ಲ. ಎಳೆದೆ, ಕಚ್ಚಿದೆ, ದೇವರನ್ನು ಕರೆದೆ. ಅಷ್ಟರಲ್ಲಿ ಹೊಗೆ ತಾನಾಗಿಯೇ ತಗ್ಗಿ, ವರ್ಲಿನ್ ಬಗ್ಗಿ ಗಾಲಿ ನೋಡಿ, "ಏನಿಲ್ಲ ಬಿಡು, ಬೆಂಕಿ ಇಲ್ಲ" ಎಂದು ನನ್ನ ಕಡೆ ತಿರುಗಿದ. ಆಗ ಪಿನ್ನು ಬಂತು. ಲಾರಿಯವನೂ ನಿಲ್ಲಿಸಿ ಸಹಾಯಕ್ಕೆ ಬಂದಿದ್ದ. ಬಂದು ನೋಡಿದರೆ ರಸ್ತೆ ಪಕ್ಕದಲ್ಲಿ ತಲೆಯಿಂದ ಪಾದದವರೆಗೆ ಹಿಟ್ಟು ಮೆತ್ತಿದ ಮುದುಕನೊಬ್ಬ ಕೆಮ್ಮುತ್ತಿದ್ದಾನೆ, ಮುದುಕಿಯೊಬ್ಬಳು ಸಿಲಿಂಡರ್ ಹಿಡಿದು ಅಳುತ್ತಿದ್ದಾಳೆ. "ಏನಾದ್ರೂ ಜಗಳನಾ?" ಎಂದು ಕೇಳಿದ.

ಈಗ ಇಲ್ಲಿನ ಕ್ಯಾಂಪಿನಲ್ಲಿದ್ದೇವೆ. ಒಫೀಲಿಯಾ ಬಾಕಾ ಎಂಬ ಮೆಕ್ಯಾನಿಕ್ ಇದ್ದಾಳೆ, ಗಾಡಿ ಇದ್ದಲ್ಲಿಗೇ ಬಂದು ರಿಪೇರಿ ಮಾಡುತ್ತಾಳಂತೆ. ನಾಡಿದ್ದು ಬರುತ್ತಾಳೆ. ಯಂತ್ರವನ್ನೇ ಕಿತ್ತು ಬಿಸಾಡಲು ಹೇಳುತ್ತೇನೆ ಎಂದು ವರ್ಲಿನ್ ಕುಣಿಯುತ್ತಿದ್ದಾನೆ. ಯಂತ್ರದ್ದೇ ತಪ್ಪು, ಇನ್ನೇನಿರಲು ಸಾಧ್ಯ.

ನಿನ್ನ ಮನೆಯ ಒಲೆ ಬೆಚ್ಚಗಿರಲಿ, ತಪ್ಪಿಸಿಕೊಂಡ ನಿನ್ನ ಬೆಕ್ಕು ಬೇಗ ಮನೆಗೆ ಮರಳಲಿ.

ಪ್ರೀತಿಯಿಂದ,
ಆರ್ಲಿಸ್

ತಾ.ಕ.: ವರ್ಲಿನ್ ಹುಬ್ಬಿನಲ್ಲಿ ಇನ್ನೂ ಬಿಳಿ ಪುಡಿ ಇದೆ. ನಾನು ಹೇಳಿಲ್ಲ.


ಡೆಮಿಂಗ್, ನ್ಯೂ ಮೆಕ್ಸಿಕೋ
ನವೆಂಬರ್ 12

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದ, ಒಂದು ಜಾಡಿ ಉಪ್ಪಿನಕಾಯಿ, ಎಲ್ಲ ತಲುಪಿದವು. ಜಾಡಿ ಒಡೆದಿರಲಿಲ್ಲ, ಅದನ್ನು ನೀನು ಎಂಟು ಜೊತೆ ಕಾಲುಚೀಲದಲ್ಲಿ ಸುತ್ತಿದ್ದರಿಂದ. ಉತ್ತರ ಬರೆಯದೆ ಮೂರು ವಾರ ಸುಮ್ಮನಿದ್ದೆ. ಪೆನ್ನು ಹಿಡಿದರೆ ಏನು ಬರೆಯಲಿ ಎಂದು ತಿಳಿಯುತ್ತಿರಲಿಲ್ಲ.

ಒಫೀಲಿಯಾ ಬಂದಳು. ಮೂವತ್ತೈದರ ಹೆಂಗಸು, ಕೂದಲು ಬಿಗಿದು ಕಟ್ಟಿ, ಜೇಬಿನಲ್ಲಿ ಟಾರ್ಚು ಸಿಕ್ಕಿಸಿಕೊಂಡವಳು. ಕರುವಿನ ಗಾಲಿ ಸರಿ ಮಾಡಿದಳು, ಯಂತ್ರವನ್ನು ಒರೆಸಿ ನೋಡಿದಳು, ಡಬ್ಬಿಯ ಟೇಪು ಕಿತ್ತಳು. ಆಮೇಲೆ "ಸರ್, ಒಂದು ಸುತ್ತು ಹೋಗ್ಬರೋಣ. ನೀವೇ ಓಡಿಸಿ" ಎಂದಳು. ನನ್ನನ್ನು ಸೋಫಾದ ಮೇಲೆ ಕೂರಿಸಿ ನನ್ನ ಸೀಟಿನಲ್ಲಿ ತಾನು ಕೂತಳು. ಹೊರಡುವ ಮುಂಚೆ ನನ್ನ ಕಡೆ ತಿರುಗಿ, "ಅಮ್ಮಾ, ಉಪ್ಪು ಬಿಸ್ಕತ್ತು ಇದ್ಯಾ?" ಎಂದು ಕೇಳಿದಳು.

ಹಸಿವೇನೋ ಎಂದು ಡಬ್ಬವನ್ನೇ ಕೊಟ್ಟೆ. ಅವಳು ಒಂದೇ ಒಂದು ಬಿಸ್ಕತ್ತು ತೆಗೆದು, ಬಗ್ಗಿ, ಬಸ್ಸಿನ ಬ್ರೇಕ್ ಪೆಡಲಿನ ಮೇಲೆ ಟೇಪಿನಿಂದ ಅಂಟಿಸಿದಳು.

"ಇದೇನಮ್ಮ ಇದು?" ಅಂದ ವರ್ಲಿನ್.

"ಖಾಲಿ ರಸ್ತೆ ಸರ್. ಎರಡು ಮೈಲಿ. ಬ್ರೇಕು ಮುಟ್ಲೇಬೇಡಿ. ಕೊನೆಗೆ ನಾನು ಹೇಳಿದಾಗ ಕೈಬ್ರೇಕಲ್ಲಿ ನಿಲ್ಸಿ. ಬಿಸ್ಕತ್ತು ಹಾಗೇ ಇದ್ರೆ ಯಂತ್ರದ ತಪ್ಪು. ನಾನೇ ಕಂಪನಿಗೆ ಫೋನ್ ಮಾಡಿ ಉಗೀತೀನಿ."

ವರ್ಲಿನ್‌ಗೆ ಬಹಳ ಖುಷಿಯಾಯಿತು. ಅವಳನ್ನು ಮೆಚ್ಚಿಕೊಂಡುಬಿಟ್ಟ. ದಾರಿಯುದ್ದಕ್ಕೂ ಶಾಲೆಯ ಬಸ್ಸಿನ ಕಥೆ ಹೇಳಿದ. ಡ್ಯಾಶ್‌ಬೋರ್ಡಿನ ಮೇಲೆ ತುಂಬಿದ ಕಾಫಿ ಲೋಟ ಇಟ್ಟು ಹನ್ನೆರಡು ಮೈಲಿ ಓಡಿಸಿದ್ದು, ಒಂದು ಹನಿಯೂ ಚೆಲ್ಲದೇ ಇದ್ದದ್ದು. ಮೊದಲ ಮೈಲಿ ಮುಗಿಯುವ ಮುಂಚೆಯೇ ದೀಪ ಹತ್ತಿತು. ಡಬ್ಬಿ ಕೂಗಿತು. "ನೋಡಿದ್ಯಾ? ನೋಡಿದ್ಯಾ? ನಾನು ಮುಟ್ಟೇ ಇಲ್ಲ!" ಎಂದು ಅವನು ಗೆದ್ದವನ ಹಾಗೆ ಕೂಗಿದ. ಒಫೀಲಿಯಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

ನಿಲ್ಲಿಸಿದ ಮೇಲೆ ಅವಳು ಟಾರ್ಚು ಹಾಕಿದಳು. ಬಿಸ್ಕತ್ತು ಪುಡಿಪುಡಿಯಾಗಿತ್ತು. ವರ್ಲಿನ್ ಶೂ ತುದಿಯಲ್ಲಿ ಉಪ್ಪಿನ ಕಣ ಅಂಟಿತ್ತು.

"ನಾನು ಒತ್ತಿಲ್ಲ" ಅಂದ ವರ್ಲಿನ್.

"ಹೌದು ಸರ್. ನಿಮಗೆ ಗೊತ್ತಾಗಿಲ್ಲ" ಎಂದಳು ಅವಳು. "ನಮ್ಮಪ್ಪಂಗೂ ಹೀಗೇ ಆಗಿತ್ತು. ಒಂದ್ಸಲ ಶೂ ಬಿಚ್ತೀರಾ?"

ಬಿಚ್ಚಿದ. ಶೂ ಕೊಡವಿದ. ಟಣ್ ಎಂದು ಏನೋ ಬಿತ್ತು. ಪ್ವೆಬ್ಲೋದಲ್ಲಿ ಕಳೆದುಹೋಗಿದ್ದ ನಟ್ಟು. ನಾಲ್ಕು ಗಂಡಸರು ಎರಡು ದಿನ ಹುಲ್ಲು ಬಾಚಿ ಹುಡುಕಿದ ನಟ್ಟನ್ನು ಅವನು ಆರು ದಿನ ಪಾದದಡಿ ಇಟ್ಟುಕೊಂಡು ಓಡಾಡಿದ್ದ. ಕಾಲುಚೀಲ ತೆಗೆದರೆ ಹುಣ್ಣು, ನಟ್ಟಿನ ಆರು ಮೂಲೆಯೂ ಅಚ್ಚಾಗಿತ್ತು. ಅವನು ಅದನ್ನು ಬೇರೆ ಯಾರದೋ ಪಾದ ಎಂಬಂತೆ ನೋಡಿದ. ಆಮೇಲೆ, "ಆ ಪೈ ತಿಂದವನ ಹತ್ರ ಕ್ಷಮೆ ಕೇಳ್ಬೇಕು" ಎಂದ. ನಾನು ನಕ್ಕೆ, ಅಕ್ಕ. ನಗದೆ ಏನು ಮಾಡಲಿ.

ಡಾಕ್ಟರು ಸಕ್ಕರೆ ಕಾಯಿಲೆ ಅಂದರು, ಎಷ್ಟೋ ವರ್ಷದಿಂದ ಇದ್ದಿರಬೇಕು, ಪಾದದ ನರಗಳು ಸತ್ತಿವೆ ಅಂದರು. ಕಣ್ಣು ಮುಚ್ಚಿಸಿ ನೈಲಾನ್ ದಾರದ ತುದಿಯಿಂದ ಅಂಗಾಲು ಚುಚ್ಚಿದರು. "ಮುಟ್ಟಿದಾಗ ಹೇಳಿ" ಅಂದರು. ವರ್ಲಿನ್ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕಾದು, "ಶುರು ಮಾಡಿ ಡಾಕ್ಟ್ರೇ, ನಾನು ರೆಡಿ" ಎಂದ. ಅಷ್ಟರಲ್ಲಿ ಅವರು ಹತ್ತು ಸಲ ಚುಚ್ಚಿ ಆಗಿತ್ತು. ಹುಣ್ಣು ಮಾಯುತ್ತದೆ. ನರ ಮಾತ್ರ ಮೊದಲಿನಂತಾಗುವುದಿಲ್ಲ. ಸ್ಟಿಯರಿಂಗು ಮುಟ್ಟಕೂಡದು ಎಂದರು.

ಎರಡು ದಿನ ಅವನು ಬಸ್ಸಿನೊಳಗೆ ಇರಲೇ ಇಲ್ಲ. ನಿಂತ ಕರುವಿನ ಡ್ರೈವರ್ ಸೀಟಿನಲ್ಲಿ, ಆ ಯಂತ್ರದ ಪಕ್ಕ ಕಾಲು ಮಡಚಿಕೊಂಡು ಕೂತಿರುತ್ತಿದ್ದ. ಎರಡನೆಯ ದಿನ ನಾನು ಸೂಪ್ ತೆಗೆದುಕೊಂಡು ಹೋದೆ. "ಇಷ್ಟು ದಿನ ಇದನ್ನ ಬೈದ್ನಲ್ಲ ಆರ್ಲಿಸ್. ಇದು ಪಾಪ, ಹೇಳಿದ್ದು ಮಾಡ್ತಿತ್ತು" ಎಂದ. ಆಮೇಲೆ, "ಬರ್ನಿಸ್‌ಗೆ ಬರೆದ್ಯಾ?" ಎಂದು ಕೇಳಿದ. ಇನ್ನೂ ಇಲ್ಲ ಅಂದೆ. "ಆ ಕೋಣೆಗೆ ಕಿಟಕಿ ಇದ್ಯಾ?" ಎಂದ.

ಅಕ್ಕ, ಆ ಮಾತು ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನ ಮೇಲಲ್ಲ, ನಿನ್ನ ಮೇಲೂ ಅಲ್ಲ, ಆ ಕಿಟಕಿಯ ಮೇಲೆ. ಸೂಪು ಅವನ ಕೈಗಿಟ್ಟು, "ಕೀ ಕೊಡು" ಅಂದೆ.

"ಯಾವ ಕೀ?"

"ಹಸುವಿನ ಕೀ."

"ಅದು ಮೂವತ್ತೈದು ಅಡಿ ಉದ್ದ ಇದೆ ಮಾರಾಯ್ತಿ. ನೀನು ಅಂಗಡೀಲಿ ಸಾಮಾನು ತಳ್ಳೋ ಗಾಡಿನೇ ಕಪಾಟಿಗೆ ಗುದ್ದುತೀಯ."

"ಅದಕ್ಕೆ ಬ್ರೇಕಿಲ್ಲ. ಇದಕ್ಕಿದೆ" ಅಂದೆ.

ಊರಾಚೆಯ ಜಾತ್ರೆ ಮೈದಾನ ಖಾಲಿ ಬಿದ್ದಿತ್ತು. ಒಂದು ವಾರ ಅಲ್ಲೇ ಕಲಿತೆ. ಮೂವತ್ತೊಂದು ವರ್ಷ ಮಕ್ಕಳಿಗೆ ಸುಮ್ಮನೆ ಕೂತುಕೊಳ್ಳಿ ಎಂದು ಹೇಳಿದವನು ಒಂದು ನಿಮಿಷವೂ ಸುಮ್ಮನೆ ಕೂರಲಿಲ್ಲ. "ತಿರುಗ್ಸು! ಅಷ್ಟಲ್ಲ! ಇಷ್ಟು! ಬಾಲ ನೋಡು, ಬಾಲ!" ಮೊದಲ ದಿನ ಒಂದು ಕಸದ ಡ್ರಮ್ಮು ಹೋಯಿತು, ಎರಡನೆಯ ದಿನ ಬೆಂಚು. ಮೂರನೆಯ ದಿನ ಏನೂ ಹೋಗಲಿಲ್ಲ, ಆದರೆ ಅವತ್ತು ಎಂಜಿನ್ನೇ ಚಾಲೂ ಆಗಿರಲಿಲ್ಲ. ವಾರದ ಕೊನೆಗೆ ಒಫೀಲಿಯಾ ಬಂದು ನೋಡಿ ಚಪ್ಪಾಳೆ ತಟ್ಟಿ, ಒಂದು ಕಟ್ಟು ಉಪ್ಪು ಬಿಸ್ಕತ್ತು ಉಡುಗೊರೆ ಕೊಟ್ಟಳು.

ಅಲ್ಲಿಂದ ಡೆಮಿಂಗ್‌ವರೆಗೆ ಓಡಿಸಿದವಳು ನಾನೇ. ನಾಲ್ಕು ದಿನ ಹಿಡಿಯಿತು. ನಾವು ದಾರಿ ಬಿಡಲೆಂದು ನಮ್ಮ ಹಿಂದೆ ಸಾಲುಗಟ್ಟಿದವರೆಲ್ಲ ನನ್ನ ತಾಯಿತಂದೆಯರನ್ನು ನೆನೆದಿರಬೇಕು. ಕ್ಯಾಂಪಿಗೆ ತಿರುಗಿಸಿದರೆ ಕಾಫಿ ಮಗ್ಗಿನವರು ಓಡಿ ಬಂದು, ಓಡಿಸುತ್ತಿರುವ ನನ್ನನ್ನು ಬಿಟ್ಟು ಪಕ್ಕದಲ್ಲಿ ಕೂತ ವರ್ಲಿನ್‌ಗೆ ಎಡ, ಬಲ ಎಂದು ಕೈ ತೋರಿಸುತ್ತಾರೆ. ಅವನು ಗಂಭೀರವಾಗಿ ತಲೆಯಾಡಿಸುತ್ತಾನೆ. ಡಬ್ಬಿ ಕಾಯುವ ಉದ್ಯೋಗ ಈಗ ಅವನದು. ನಾನು ಬ್ರೇಕು ಮುಟ್ಟಿದರೆ "ಬಂತು", ಬಿಟ್ಟರೆ "ಹೋಯ್ತು". ನನ್ನಷ್ಟು ಹಗುರವಾಗಿ ಅಲ್ಲ, ಒಂದೊಂದು ಸಲವೂ ನ್ಯಾಯಾಧೀಶರು ತೀರ್ಪು ಓದಿದ ಹಾಗೆ. ನಿನ್ನೆ ಜಗಳವಾಡಿದೆವು, ಪೈ ವಿಷಯಕ್ಕೆ. "ಬಂತು" ಅಂದವನು ಏಳು ಮೈಲಿ "ಹೋಯ್ತು" ಅನ್ನಲಿಲ್ಲ.

ಆದ್ದರಿಂದ ಅಕ್ಕ, ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರವೇ ಇರಲಿ. ನೀನು ಬಾ. ಚಳಿಗಾಲಕ್ಕೆ ಇಲ್ಲಿಗೆ ಬಾ, ಸೋಫಾ ಬಿಡಿಸಿದರೆ ಹಾಸಿಗೆಯಾಗುತ್ತದೆ. ನನ್ನ ಡ್ರೈವಿಂಗಿನಲ್ಲಿ ಕೂರುವ ಧೈರ್ಯ ದೇವರು ನಿನಗೆ ಕೊಡಲಿ, ಹಿಂತಿರುಗುವಾಗ ನಿನ್ನ ಹಲ್ಲುಗಳೆಲ್ಲ ಅವುಗಳ ಜಾಗದಲ್ಲೇ ಇರಲಿ.

ಪ್ರೀತಿಯಿಂದ, ಸ್ಟಿಯರಿಂಗಿನ ಹಿಂದಿನಿಂದ,
ಆರ್ಲಿಸ್

ತಾ.ಕ.: ಲಕೋಟೆ ಅಂಟಿಸಿಬಿಟ್ಟಿದ್ದೆ, ಮತ್ತೆ ಬಿಡಿಸಿದ್ದೇನೆ. ರಟೋನ್‌ನಿಂದ ಬರೆದ ಕಾಗದದಲ್ಲಿ ನಿನಗೆ ಸುಳ್ಳು ಹೇಳಿದ್ದೆ. ನನಗೆ ಆಗಲೇ ಗೊತ್ತಿತ್ತು. ನೆಬ್ರಾಸ್ಕಾ ಬಿಟ್ಟ ಮೂರನೆಯ ದಿನ ನನ್ನ ಉಲ್ಲನ್ ಉಂಡೆ ಉರುಳಿ ಅವನ ಸೀಟಿನ ಕೆಳಗೆ ಹೋಯಿತು. ಎತ್ತಿಕೊಳ್ಳಲು ಬಗ್ಗಿದಾಗ ನೋಡಿದೆ, ಅವನ ಕಾಲು ಬ್ರೇಕಿನ ಮೇಲೆ ಮಲಗಿತ್ತು. ಅವನು ಮೇಲೆ ಹಾಡು ಗುನುಗುತ್ತಿದ್ದ. ನಾನು ಎದ್ದು ಕೂತು "ಬಂತು" ಅಂದೆ, ಅಷ್ಟೇ ಅಂದೆ. ಡಬ್ಬಿಯ ತಪ್ಪಾಗಿರುವಷ್ಟು ದಿನ ಅವನ ತಪ್ಪಲ್ಲವಲ್ಲ. ನಿನ್ನ ಮಾತು ನಿಜವಾಗುವುದೂ ನನಗೆ ಬೇಕಿರಲಿಲ್ಲ. ಘಾಟಿಯಲ್ಲಿ ಡಬ್ಬಿಗೆ ಟೇಪು ಹಚ್ಚಿದ್ದು ಅವನಲ್ಲ, ನಾನು. ಆ ಲಾರಿಯವನು ಹಾರ್ನು ಹೊಡೆಯದಿದ್ದರೆ ಏನಾಗುತ್ತಿತ್ತು ಎಂದು ದಿನಾ ಲೆಕ್ಕ ಹಾಕುತ್ತೇನೆ. ಒಫೀಲಿಯಾಳಿಗೆ ಫೋನ್ ಮಾಡಿ "ಯಂತ್ರ ನೋಡ್ಬೇಡ ತಾಯಿ, ಅವನ ಕಾಲು ನೋಡು" ಎಂದು ಬೇಡಿಕೊಂಡವಳೂ ನಾನೇ. ನನ್ನ ಬಾಯಿಂದ ಅವನಿಗೆ ಹೇಳಲಾಗಲಿಲ್ಲ.

ಡಾಕ್ಟರು ಒಂದು ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಬೆಳಿಗ್ಗೆ ಕಾಫಿಗೆ ಮುಂಚೆ ಅವನು ಹಾಸಿಗೆಯ ಅಂಚಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಬಲಗಾಲಿನ ಬೆರಳುಗಳಿಂದ ನನ್ನ ಅಂಗೈ ಒತ್ತಬೇಕು. ಒತ್ತಿತೋ ಇಲ್ಲವೋ ಅವನಿಗೆ ತಿಳಿಯುವುದಿಲ್ಲ, ನಾನೇ ಹೇಳಬೇಕು. "ಬಂತಾ?" ಎಂದು ಕೇಳುತ್ತಾನೆ. ಇವತ್ತು ಬೆಳಿಗ್ಗೆ ಬರಲಿಲ್ಲ, ಅಕ್ಕ. ನಾನು "ಬಂತು" ಅಂದೆ.